ಎರಡನೇ ಬ್ಯಾಟರಿ ಇದ್ದೂ ಇಲ್ಲದಂತಾದಾಗ: ವಾಸದ ವ್ಯಾನಿನ ವಿದ್ಯುತ್ ದೋಷ ಪತ್ತೆ

ವಾಸಕ್ಕೆಂದು ಮಾರ್ಪಡಿಸಿದ ವ್ಯಾನಿನಲ್ಲಿ ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯೇ ಬೇರೆ, ಒಳಗಿನ ದೀಪ, ಫ್ಯಾನ್, ನೀರಿನ ಪಂಪ್, ಫ್ರಿಜ್, ಇನ್ವರ್ಟರ್‌ಗಳನ್ನು ನಡೆಸುವ ಬ್ಯಾಟರಿಯೇ ಬೇರೆ. ಒಳಗಿನವನ್ನು ನಡೆಸುವ ಬ್ಯಾಟರಿಯನ್ನು ಈ ಬರಹದಲ್ಲಿ ಮನೆ ಬ್ಯಾಟರಿ ಎಂದು ಕರೆಯುತ್ತೇನೆ; ಮುಂದೆ ಮೊದಲ ಬ್ಯಾಟರಿ, ಎರಡನೇ ಬ್ಯಾಟರಿ ಎಂದಾಗಲೆಲ್ಲ ಮನೆ ಬ್ಯಾಟರಿಗಳೇ. ಒಂದು ಮನೆ ಬ್ಯಾಟರಿ ಸಾಲದೆ ಅದೇ ಅಳತೆಯ ಇನ್ನೊಂದನ್ನು ಸಮಾಂತರವಾಗಿ, ಅಂದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿ ಜೋಡಿಸಿದರೆ ವೋಲ್ಟೇಜ್ 12ರಲ್ಲೇ ಉಳಿದು ಸಾಮರ್ಥ್ಯ 100ರಿಂದ 200 ಆಂಪಿಯರ್-ಗಂಟೆಗೆ ಏರಬೇಕು. ಆದರೆ ಜೋಡಿಸಿದ ಮೊದಲ ವಾರದಲ್ಲೇ ಹಲವರ ಅನುಭವ ಬೇರೆಯಾಗಿರುತ್ತದೆ: ಮೊದಲಿನಂತೆಯೇ ಬೆಳಗಿನ ಜಾವಕ್ಕೆ ಫ್ರಿಜ್ ನಿಂತಿರುತ್ತದೆ, ಕೆಟಲ್ ಹಚ್ಚಿದೊಡನೆ ಇನ್ವರ್ಟರ್ ಕೂಗಿಕೊಂಡು ಆರಿಹೋಗುತ್ತದೆ, ಮೀಟರ್ ಹಿಡಿದು ನೋಡಿದರೆ ಎರಡೂ ಬ್ಯಾಟರಿಗಳಲ್ಲಿ 12.6 ವೋಲ್ಟ್ ಕಾಣುತ್ತದೆ.

ಈ ದೋಷ ಸುಲಭವಾಗಿ ಕೈಗೆ ಸಿಗದಿರುವುದಕ್ಕೆ ಆ 12.6 ಎಂಬ ಅಂಕಿಯೇ ಕಾರಣ. ಸಮಾಂತರವಾಗಿ ಕಟ್ಟಿದ ಎರಡು ಬ್ಯಾಟರಿಗಳು ಒಂದರ ವೋಲ್ಟೇಜನ್ನು ಇನ್ನೊಂದು ಹೊದ್ದುಕೊಂಡು ಕೂರುತ್ತವೆ. ಒಂದು ಸತ್ವ ಕಳೆದುಕೊಂಡಿದ್ದರೂ, ಒಂದರ ಲಗ್ (ಕೇಬಲ್ ತುದಿಗೆ ಕೂರಿಸಿದ ಲೋಹದ ಉಂಗುರ) ಸಡಿಲವಾಗಿದ್ದರೂ, ಒಂದರ ಫ್ಯೂಸ್ ಸುಟ್ಟಿದ್ದರೂ ಮೀಟರಿನಲ್ಲಿ ಕಾಣುವುದು ಹೆಚ್ಚುಕಡಿಮೆ ಅದೇ ಅಂಕಿ. ಆದ್ದರಿಂದ ಲೋಡ್ (ವಿದ್ಯುತ್ ಎಳೆಯುವ ಉಪಕರಣ) ಇಲ್ಲದೆ ವೋಲ್ಟೇಜ್ ನೋಡಿ ತೀರ್ಮಾನಕ್ಕೆ ಬರುವುದನ್ನು ಬಿಟ್ಟು, ಲೋಡ್ ಹಾಕಿ ವಿದ್ಯುತ್ ಪ್ರವಾಹ ಹೇಗೆ ಹಂಚಿಕೆಯಾಗುತ್ತಿದೆ ಎಂಬುದನ್ನು ಮೊದಲು ಅಳೆಯಬೇಕು. ಮುಂದಿನ ಹಂತಗಳೆಲ್ಲ ಆ ಒಂದು ಅಳತೆಯನ್ನು ಆಧರಿಸಿವೆ.

ಮೊದಲು ಲೆಕ್ಕ, ಆಮೇಲೆ ಸ್ಪ್ಯಾನರ್

ದೋಷವೆಂದು ದೂರುವ ಪ್ರಕರಣಗಳಲ್ಲಿ ಕೆಲವು ದೋಷಗಳೇ ಅಲ್ಲ, ಕೂಡುವ-ಕಳೆಯುವ ಲೆಕ್ಕ ಅಷ್ಟೆ. ಬ್ಯಾಟರಿ ಇಮ್ಮಡಿಯಾಯಿತು, ತುಂಬಿಸುವ ಮೂಲ ಮಾತ್ರ ಹಾಗೆಯೇ ಉಳಿಯಿತು. ಎಂಜಿನ್ ಓಡುವಾಗ ಅದರ ಕಡೆಯಿಂದ ಮನೆ ಬ್ಯಾಟರಿಯನ್ನು ತುಂಬಿಸುವ, 30 ಆಂಪಿಯರ್ ಸಾಮರ್ಥ್ಯದ ಡಿಸಿ-ಡಿಸಿ ಚಾರ್ಜರ್ ಅರ್ಧ ಖಾಲಿಯಾದ 100 ಆಂಪಿಯರ್-ಗಂಟೆಯ ಬ್ಯಾಟರಿಗೆ ಬೇಕಾದ 50 ಆಂಪಿಯರ್-ಗಂಟೆಯನ್ನು ಎರಡು ಗಂಟೆಯ ಪ್ರಯಾಣದೊಳಗೆ ಬಹುಪಾಲು ಕೊಡಬಲ್ಲದು. ಅರ್ಧ ಖಾಲಿಯಾದ 200 ಆಂಪಿಯರ್-ಗಂಟೆಯ ಜೋಡಿಗೆ ಅದೇ ಚಾರ್ಜರ್ ಮೂರೂವರೆ ಗಂಟೆ ಓಡಬೇಕು. ಸೀಸ-ಆಮ್ಲದ ಬ್ಯಾಟರಿಯಾದರೆ ಕೊನೆಯ ಐದನೇ ಒಂದು ಭಾಗ ತುಂಬಲು ಇನ್ನೂ ಹಲವು ಗಂಟೆ ಬೇಕು, ಏಕೆಂದರೆ ತುಂಬುತ್ತ ಬಂದಂತೆ ಅದು ತೆಗೆದುಕೊಳ್ಳುವ ಪ್ರವಾಹ ತಾನಾಗಿ ಇಳಿಯುತ್ತದೆ. ದಿನಕ್ಕೆ ಒಂದು ಗಂಟೆ ಮಾತ್ರ ವ್ಯಾನ್ ಓಡಿಸುವವರು ಎಷ್ಟು ಬ್ಯಾಟರಿ ಸೇರಿಸಿದರೂ ಅವು ಅರೆಹೊಟ್ಟೆಯಲ್ಲೇ ಇರುತ್ತವೆ, ಮತ್ತು ಸದಾ ಅರೆಹೊಟ್ಟೆಯಲ್ಲಿರುವ ಸೀಸ-ಆಮ್ಲದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ನಿಜವಾದ ದೋಷವೂ ಹುಟ್ಟುತ್ತದೆ.

ಹಾಗೆಯೇ ಇನ್ವರ್ಟರನ್ನು ಇಡೀ ದಿನ ಆನ್ ಮಾಡಿಟ್ಟಿದ್ದರೆ, ಅದಕ್ಕೆ ಏನನ್ನೂ ಜೋಡಿಸದಿದ್ದರೂ ಅದು ಗಂಟೆಗೆ ಒಂದು ಆಂಪಿಯರ್-ಗಂಟೆಯಷ್ಟನ್ನು ತಿನ್ನುವುದುಂಟು, ದಿನಕ್ಕೆ 24. ಹೊಸ ಬ್ಯಾಟರಿಯ ಕಾಲು ಭಾಗ ಹೀಗೆಯೇ ಸೋರಿಹೋಗಬಲ್ಲದು. ಒಂದು ದಿನದಲ್ಲಿ ಎಷ್ಟು ಒಳಗೆ ಬಂತು, ಎಷ್ಟು ಹೊರಗೆ ಹೋಯಿತು ಎಂದು ಕಾಗದದ ಮೇಲೆ ಬರೆದುಕೊಂಡ ಮೇಲೂ ಲೆಕ್ಕ ಕೂಡದಿದ್ದರೆ ಮಾತ್ರ ಮುಂದಿನ ಹಂತಕ್ಕೆ ಹೋಗುವುದು ಒಳ್ಳೆಯದು.

ಪ್ರವಾಹ ಎಲ್ಲಿಂದ ಬರುತ್ತಿದೆ

ಇದಕ್ಕೆ ಡಿಸಿ (ಬ್ಯಾಟರಿ ಕೊಡುವ ಏಕಮುಖ ಪ್ರವಾಹ) ಅಳೆಯಬಲ್ಲ ಕ್ಲ್ಯಾಂಪ್ ಮೀಟರ್, ಅಂದರೆ ಕೇಬಲ್ ಸುತ್ತ ಕಚ್ಚಿಸಿ ಪ್ರವಾಹ ನೋಡುವ ಮೀಟರ್ ಬೇಕು. ಅಗ್ಗದ ಕ್ಲ್ಯಾಂಪ್ ಮೀಟರ್‌ಗಳಲ್ಲಿ ಅನೇಕವು ಎಸಿ ಪ್ರವಾಹವನ್ನು ಮಾತ್ರ ಅಳೆಯುತ್ತವೆ. ಬ್ಯಾಟರಿಯ ಕೇಬಲ್‌ಗೆ ಹಾಕಿದರೆ ಅವು ಸೊನ್ನೆ ತೋರಿಸುತ್ತವೆ, ಅದನ್ನು ನಂಬಿ ಹೊಸ ಬ್ಯಾಟರಿಯನ್ನು ವಾಪಸ್ ಕಳಿಸಿದವರೂ ಇದ್ದಾರೆ. ಡಿಸಿ ಕ್ಲ್ಯಾಂಪನ್ನು ಪ್ರತಿ ಅಳತೆಗೆ ಮುಂಚೆ, ಕೇಬಲ್‌ನಿಂದ ದೂರ ಹಿಡಿದು, ಸೊನ್ನೆಗೆ ತರುವ ಗುಂಡಿಯನ್ನು ಒತ್ತಬೇಕು. ಇಲ್ಲವಾದರೆ ಒಂದೆರಡು ಆಂಪಿಯರ್ ತಪ್ಪು ತಾನಾಗಿ ಸೇರಿಕೊಳ್ಳುತ್ತದೆ.

ಇನ್ವರ್ಟರಿಗೆ 1000 ವಾಟ್‌ನ ಕೆಟಲ್ ಅಥವಾ ಇಸ್ತ್ರಿಪೆಟ್ಟಿಗೆಯನ್ನು ಜೋಡಿಸಿದರೆ ಬ್ಯಾಟರಿ ಕಡೆಯಲ್ಲಿ ಸುಮಾರು 90 ಆಂಪಿಯರ್ ಹರಿಯುತ್ತದೆ. ಈಗ ಇನ್ವರ್ಟರ್ ಕಡೆಗೆ ಹೋಗುವ ಮುಖ್ಯ ಕೇಬಲ್‌ಗೂ, ಎರಡು ಬ್ಯಾಟರಿಗಳ ನಡುವಿನ ಕೊಂಡಿ ಕೇಬಲ್‌ಗೂ ಒಂದಾದ ಮೇಲೊಂದರಂತೆ ಕ್ಲ್ಯಾಂಪ್ ಹಾಕಿ ನೋಡಬೇಕು. ಮುಖ್ಯ ಕೇಬಲ್ ಕೂತಿರುವ ಬ್ಯಾಟರಿ ತುದಿಯಲ್ಲೇ (ಟರ್ಮಿನಲ್‌ನಲ್ಲೇ) ಕೊಂಡಿ ಕೇಬಲ್ಲೂ ಕೂತಿರುವುದರಿಂದ ಮೊದಲ ಬ್ಯಾಟರಿಯ ಪಾಲನ್ನು ನೇರವಾಗಿ ಅಳೆಯಲಾಗದು. ಕೊಂಡಿಯಲ್ಲಿ ಹರಿಯುವುದು ಎರಡನೇ ಬ್ಯಾಟರಿಯ ಪಾಲು, ಮುಖ್ಯ ಕೇಬಲ್‌ನ ಅಂಕಿಯಿಂದ ಅದನ್ನು ಕಳೆದರೆ ಉಳಿಯುವುದು ಮೊದಲನೆಯದರ ಪಾಲು. ಅಂದರೆ ಕೊಂಡಿಯಲ್ಲಿ ಒಟ್ಟು ಪ್ರವಾಹದ ಅರ್ಧದ ಆಸುಪಾಸು ಕಂಡರೆ ಹಂಚಿಕೆ ಸರಿಯಿದೆ. ಸೊನ್ನೆ ಕಂಡರೆ ಎರಡನೇ ಬ್ಯಾಟರಿ ವ್ಯವಸ್ಥೆಯಲ್ಲೇ ಇಲ್ಲ: ಅದರ ಫ್ಯೂಸ್ ಹೋಗಿದೆ, ಐಸೊಲೇಟರ್ ಸ್ವಿಚ್ ಆಫ್ ಆಗಿದೆ, ಅಥವಾ ಲಿಥಿಯಂ ಬ್ಯಾಟರಿಯಾದರೆ ಅದರೊಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಸರ್ಕ್ಯೂಟ್) ತನ್ನನ್ನು ತಾನೇ ಕಡಿದುಕೊಂಡಿದೆ. ಫ್ಯೂಸ್ ಪರೀಕ್ಷಿಸುವಾಗ ಅದರ ಎರಡೂ ಕಡೆ ಮೈನಸ್‌ಗೆ ವೋಲ್ಟೇಜ್ ನೋಡುವ ರೂಢಿಯಿದೆ. ಇಲ್ಲಿ ಅದು ಕೈಕೊಡುತ್ತದೆ. ಸುಟ್ಟ ಫ್ಯೂಸಿನ ಒಂದು ಕಡೆ ಒಂದು ಬ್ಯಾಟರಿ, ಇನ್ನೊಂದು ಕಡೆ ಮತ್ತೊಂದು ಬ್ಯಾಟರಿ ಇರುವುದರಿಂದ ಎರಡೂ ಕಡೆ 12 ವೋಲ್ಟ್‌ಗಿಂತ ಹೆಚ್ಚೇ ಸಿಗುತ್ತದೆ. ಫ್ಯೂಸನ್ನು ಬಿಚ್ಚಿ ಕಂಟಿನ್ಯುಟಿ, ಅಂದರೆ ಅದರ ಮೂಲಕ ದಾರಿ ತುಂಡಾಗಿಲ್ಲವೇ ಎಂದು ಮೀಟರಿನಲ್ಲಿ ನೋಡುವುದೇ ಸರಿ.

ಅರ್ಧವೂ ಅಲ್ಲದೆ ಸೊನ್ನೆಯೂ ಅಲ್ಲದೆ ನಡುವಿನ ಅಂಕಿ ಬಂದಾಗ ವೈರಿಂಗ್ ವಿನ್ಯಾಸವನ್ನು ನೋಡಬೇಕು. ಮುಖ್ಯ ಪ್ಲಸ್ ಮತ್ತು ಮುಖ್ಯ ಮೈನಸ್ ಎರಡನ್ನೂ ಮೊದಲ ಬ್ಯಾಟರಿಗೇ ಕಟ್ಟಿದ್ದರೆ, ಎರಡನೆಯದರ ಪ್ರವಾಹ ಎರಡು ಕೊಂಡಿ ಕೇಬಲ್‌ಗಳನ್ನೂ ನಾಲ್ಕು ಲಗ್‌ಗಳನ್ನೂ ಹೆಚ್ಚಾಗಿ ದಾಟಿ ಬರಬೇಕು. 35 ಚದರ ಮಿಲಿಮೀಟರಿನ ತಾಮ್ರದ ಕೇಬಲ್‌ನ ರೋಧ ಮೀಟರಿಗೆ ಅರ್ಧ ಮಿಲಿಓಮ್‌ನಷ್ಟು. ಅರ್ಧರ್ಧ ಮೀಟರಿನ ಎರಡು ಕೊಂಡಿ ಮತ್ತು ಲಗ್‌ಗಳನ್ನು ಸೇರಿಸಿದರೆ ಒಂದು ಮಿಲಿಓಮ್ ಚಿಲ್ಲರೆ ಆಗುತ್ತದೆ. ಬ್ಯಾಟರಿಯ ಒಳರೋಧವೇ ನಾಲ್ಕು ಮಿಲಿಓಮ್‌ನ ಸುತ್ತಮುತ್ತ ಇದ್ದಾಗ ಈ ಪುಟ್ಟ ವ್ಯತ್ಯಾಸದಿಂದ ಹಂಚಿಕೆ 56ಕ್ಕೆ 44 ಆಗುತ್ತದೆ. ಪ್ಲಸ್ಸನ್ನು ಮೊದಲ ಬ್ಯಾಟರಿಯಿಂದಲೂ ಮೈನಸ್ಸನ್ನು ಎರಡನೇ ಬ್ಯಾಟರಿಯಿಂದಲೂ ತೆಗೆದರೆ, ಅಂದರೆ ಕರ್ಣರೇಖೆಯಂತೆ ಕಟ್ಟಿದರೆ, ಎರಡರ ದಾರಿಯೂ ಸಮನಾಗುತ್ತದೆ. ಕರ್ಣದ ಜೋಡಣೆಯೇ ಸರಿಯಾದ ಜೋಡಣೆ ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಬ್ಯಾಟರಿ ಎರಡೇ ಇದ್ದು ಕೊಂಡಿ ದಪ್ಪವಾಗಿದ್ದಾಗ ಅದೊಂದೇ ಕಾರಣಕ್ಕೆ ಫ್ರಿಜ್ ನಿಲ್ಲುವುದಿಲ್ಲ. ಲೋಡ್ ಇಳಿದಾಗ ಹೆಚ್ಚು ತುಂಬಿದ್ದು ಕಡಿಮೆ ತುಂಬಿದ್ದಕ್ಕೆ ಕೊಟ್ಟು ಬಹುಮಟ್ಟಿಗೆ ಸರಿತೂಗಿಸುತ್ತದೆ. 70ಕ್ಕೆ 30ರಂತಹ ಹಂಚಿಕೆ ಕಂಡರೆ ವಿನ್ಯಾಸವನ್ನು ದೂರುವುದನ್ನು ನಿಲ್ಲಿಸಿ ಕೆಟ್ಟ ಜೋಡಣೆಯೊಂದನ್ನು ಹುಡುಕಬೇಕು.

ಮಿಲಿವೋಲ್ಟ್ ಹಿಡಿದು ನಡೆಯುವುದು

ಕೆಟ್ಟ ಜೋಡಣೆ ಬಿಸಿಯಾಗುತ್ತದೆ, ಕೈಯಿಟ್ಟು ನೋಡಿದರೆ ತಿಳಿಯುತ್ತದೆ ಎಂಬ ಸಲಹೆ ಒಂದೇ ಬ್ಯಾಟರಿಯ ವ್ಯವಸ್ಥೆಗೆ ಸರಿ. ಸಮಾಂತರ ಜೋಡಿಯಲ್ಲಿ ಅದು ದಾರಿ ತಪ್ಪಿಸುತ್ತದೆ, ಏಕೆಂದರೆ ರೋಧ ಹೆಚ್ಚಿದ ದಾರಿಯನ್ನು ಬಿಟ್ಟು ಪ್ರವಾಹ ಸುಲಭದ ದಾರಿ ಹಿಡಿಯುತ್ತದೆ. ಆಗ ಕೆಟ್ಟ ಲಗ್ ತಣ್ಣಗಿದ್ದು, ಹೆಚ್ಚು ಹೊರೆ ಹೊತ್ತ ಒಳ್ಳೆಯ ಬ್ಯಾಟರಿಯ ಕೇಬಲ್ ಬೆಚ್ಚಗಾಗುತ್ತದೆ. ನಾನೂ ಇದರಿಂದ ಒಂದು ವಾರಾಂತ್ಯ ಕಳೆದುಕೊಂಡೆ. 90 ಆಂಪಿಯರ್ ಲೋಡಿನಲ್ಲಿ ಮೊದಲ ಬ್ಯಾಟರಿ 65, ಎರಡನೆಯದು 25 ಕೊಡುತ್ತಿತ್ತು. ಬೆಚ್ಚಗಿದ್ದದ್ದು ಮೊದಲನೆಯದರ ಕೇಬಲ್ ಆದ್ದರಿಂದ ಅದನ್ನೇ ಎರಡು ಸಲ ಬದಲಿಸಿದೆ, ಹಂಚಿಕೆ ಕದಲಲಿಲ್ಲ.

ಕೊನೆಗೆ ಹಿಡಿದ ದಾರಿ ಇದು. ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟ್‌ಗೆ ತಿರುಗಿಸಿ, ಲೋಡ್ ಓಡುತ್ತಿರುವಾಗಲೇ ಒಂದು ಪ್ರೋಬನ್ನು ಬ್ಯಾಟರಿಯ ತುದಿಯ ಲೋಹಕ್ಕೂ ಇನ್ನೊಂದನ್ನು ಅದರ ಮೇಲೆ ಕೂತಿರುವ ಲಗ್‌ನ ತಾಮ್ರಕ್ಕೂ ಒತ್ತಿ ಹಿಡಿಯಬೇಕು. ಬೋಲ್ಟ್‌ನ ತಲೆಗೆ ಹಿಡಿದರೆ ಅರ್ಥವಿಲ್ಲ. ನಂತರ ಲಗ್‌ನಿಂದ ಕೇಬಲ್‌ನ ಎಳೆಗೆ, ಕೇಬಲ್‌ನ ಒಂದು ತುದಿಯಿಂದ ಮತ್ತೊಂದಕ್ಕೆ, ಫ್ಯೂಸಿನ ಈ ಕಡೆಯಿಂದ ಆ ಕಡೆಗೆ, ಹಲವು ಕೇಬಲ್‌ಗಳು ಬಂದು ಸೇರುವ ಲೋಹದ ಪಟ್ಟಿಯಾದ ಬಸ್‌ಬಾರಿನವರೆಗೂ ಹೀಗೆ ಹೆಜ್ಜೆಹೆಜ್ಜೆಯಾಗಿ ನಡೆಯಬೇಕು, ಮತ್ತು ಪ್ಲಸ್ ಕಡೆ ಮುಗಿದ ಮೇಲೆ ಮೈನಸ್ ಕಡೆಯನ್ನು ಮರೆಯಬಾರದು. 45 ಆಂಪಿಯರ್ ಹರಿಯುವಾಗ ತುದಿಗೂ ಲಗ್‌ಗೂ ನಡುವೆ 5 ಮಿಲಿವೋಲ್ಟ್ ದಾಟದಿದ್ದರೆ ಅದನ್ನು ನಾನು ಒಳ್ಳೆಯ ಜೋಡಣೆ ಎಂದುಕೊಳ್ಳುತ್ತೇನೆ. ಅರ್ಧ ಮೀಟರಿನ 35 ಚದರ ಮಿಲಿಮೀಟರ್ ಕೇಬಲ್‌ನಲ್ಲಿ 11ರಷ್ಟು, ಫ್ಯೂಸಿನಲ್ಲಿ ಹತ್ತಾರು ಮಿಲಿವೋಲ್ಟ್ ಸಹಜ. ಮೀಟರಿನ ಓಮ್ ವಿಭಾಗದಿಂದ ಈ ಕೆಲಸ ಆಗುವುದಿಲ್ಲ, ಏಕೆಂದರೆ ಅದರ ವೈರ್‌ಗಳ ರೋಧವೇ ನಾವು ಹುಡುಕುತ್ತಿರುವುದರ ಹತ್ತಾರು ಪಟ್ಟು ಇರುತ್ತದೆ.

ನನ್ನ ವ್ಯಾನಿನಲ್ಲಿ ಎರಡನೇ ಬ್ಯಾಟರಿಯ ಮೈನಸ್ ತುದಿಗೂ ಲಗ್‌ಗೂ ನಡುವೆ 130 ಮಿಲಿವೋಲ್ಟ್ ಸಿಕ್ಕಿತು. 25 ಆಂಪಿಯರ್‌ಗೆ 130 ಮಿಲಿವೋಲ್ಟ್ ಎಂದರೆ 5.2 ಮಿಲಿಓಮ್, ಬ್ಯಾಟರಿಯ ಒಳರೋಧಕ್ಕಿಂತಲೂ ಹೆಚ್ಚು. ಅಲ್ಲಿ ಹುಟ್ಟುತ್ತಿದ್ದ ಶಾಖ ಮೂರು ವಾಟ್‌ಗಿಂತ ತುಸು ಹೆಚ್ಚು, ಬೆರಳಿಗೆ ಗೊತ್ತಾಗದಷ್ಟು. ಬಿಚ್ಚಿ ನೋಡಿದಾಗ ಲಗ್‌ನ ಅಡಿಯಲ್ಲಿ, ಸೀಸದ ತುದಿಗೂ ತಾಮ್ರಕ್ಕೂ ನಡುವೆ, ಒಂದು ಸ್ಟೇನ್‌ಲೆಸ್ ಸ್ಟೀಲ್ ವಾಷರ್ ಕೂತಿತ್ತು. ಅದರ ಒಂದು ಅಂಚಿನಲ್ಲಿ ಉಗುರಿನಷ್ಟು ಜಾಗ ಮಾತ್ರ ಹೊಳೆಯುತ್ತಿತ್ತು, ಉಳಿದ ಸುತ್ತೆಲ್ಲ ಬೂದು ಬಣ್ಣದ ಪದರ. ಅಂದರೆ ಸ್ಪರ್ಶವಿದ್ದದ್ದು ಆ ಉಗುರಿನಷ್ಟರಲ್ಲೇ. ಬೋಲ್ಟ್ ತುಸು ಉದ್ದವಾಗಿದೆಯೆಂದು ಅಡಿಗೆ ವಾಷರ್ ತುರುಕಿದವನು ನಾನೇ. ಸ್ಟೇನ್‌ಲೆಸ್ ಸ್ಟೀಲ್‌ನ ರೋಧಕತೆ ತಾಮ್ರದ ಸುಮಾರು 40 ಪಟ್ಟು, ಅದರ ಮೇಲೆ ಸರಿಯಾಗಿ ಕೂರದ ಎರಡು ಹೆಚ್ಚುವರಿ ಮೇಲ್ಮೈಗಳು ಬೇರೆ. ಲಗ್ ನೇರವಾಗಿ ತುದಿಯ ಮೇಲೆ ಕೂರಬೇಕು; ವಾಷರ್, ಸ್ಪ್ರಿಂಗ್ ವಾಷರ್, ನಟ್ ಎಲ್ಲವೂ ಲಗ್‌ನ ಮೇಲೆ ಬರಬೇಕು. ವಾಷರ್ ತೆಗೆದು, ತುದಿಯನ್ನು ಉಜ್ಜಿ, ಮತ್ತೆ ಕಟ್ಟಿದ ಮೇಲೆ ಅದೇ ಲೋಡಿನಲ್ಲಿ ಹಂಚಿಕೆ 50ಕ್ಕೆ 40 ಆಂಪಿಯರ್ ಆಯಿತು.

ಇದೇ ನಡಿಗೆಯಲ್ಲಿ ಸಿಗುವ ಇನ್ನೊಂದು ಕಳ್ಳ, ಸುತ್ತಿಗೆಯಿಂದ ಬಡಿದು ಕ್ರಿಂಪ್ ಮಾಡಿದ (ಕೇಬಲ್‌ಗೆ ಅಮುಕಿ ಕೂರಿಸಿದ) ಲಗ್. ಹೊರಗಿನಿಂದ ಬಿಗಿಯಾಗಿ ಕಂಡರೂ ಒಳಗೆ ಎಳೆಗಳ ನಡುವೆ ಗಾಳಿ ಉಳಿದು ಕೆಲವು ತಿಂಗಳಲ್ಲಿ ಹಸಿರು ಹಿಡಿಯುತ್ತದೆ. ಲಗ್‌ನಿಂದ ಕೇಬಲ್‌ನ ಎಳೆಗೆ ಮಿಲಿವೋಲ್ಟ್ ಹೆಚ್ಚು ಬಂದರೆ ಅದನ್ನು ಕತ್ತರಿಸಿ, ಷಟ್ಕೋನದ ಅಚ್ಚಿರುವ ಹೈಡ್ರಾಲಿಕ್ ಕ್ರಿಂಪರ್‌ನಲ್ಲಿ ಹೊಸದನ್ನು ಒತ್ತಿಸಬೇಕು.

ಮಾನಿಟರ್ ತಪ್ಪು ಹೇಳುತ್ತಿದ್ದರೆ

ಹಂಚಿಕೆ ಸರಿಯಿದ್ದೂ, ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ತೋರಿಸುವ ಮಾನಿಟರಿನ ಶೇಕಡಾ ಅಂಕಿ ಬೇಗ ಇಳಿಯುತ್ತಿದ್ದರೆ ಮೊದಲು ಅದರ ಸೆಟ್ಟಿಂಗ್ ತೆರೆಯಬೇಕು. ಸಾಮರ್ಥ್ಯ ಇನ್ನೂ 100 ಎಂದೇ ಇದ್ದರೆ ಅದು ಅರ್ಧ ಉಳಿದಿರುವಾಗಲೇ ಖಾಲಿ ಎನ್ನುತ್ತದೆ. 200 ಎಂದು ಬದಲಿಸಿದರೆ ಮುಗಿಯಿತು.

ಪ್ರವಾಹ ಅಳೆಯಲು ಕೇಬಲ್ ದಾರಿಯಲ್ಲಿ ಕೂರಿಸುವ ಸಣ್ಣ ರೋಧವಾದ ಶಂಟ್‌ನ ತಪ್ಪು ಇದಕ್ಕಿಂತ ಸೂಕ್ಷ್ಮ. ಮಾನಿಟರ್ ಲೆಕ್ಕ ಹಾಕುವುದು ಮೈನಸ್ ದಾರಿಯಲ್ಲಿರುವ ಶಂಟ್ ಮೂಲಕ ಹರಿದದ್ದನ್ನು ಮಾತ್ರ. ಆದ್ದರಿಂದ ಶಂಟ್‌ನ ಒಂದು ಕಡೆ ಎರಡೂ ಬ್ಯಾಟರಿಗಳ ಮೈನಸ್ ಬಿಟ್ಟು ಬೇರೇನೂ ಇರಬಾರದು, ಇನ್ನೊಂದು ಕಡೆ ಛಾಸಿ (ವ್ಯಾನಿನ ಲೋಹದ ಚೌಕಟ್ಟು), ಲೋಡ್, ಚಾರ್ಜರ್‌ಗಳ ಮೈನಸ್ ಎಲ್ಲವೂ ಇರಬೇಕು. ಹೊಸ ಬ್ಯಾಟರಿಯನ್ನು ಸೀಟಿನ ಕೆಳಗೆಲ್ಲೋ ಇಟ್ಟು, ಹತ್ತಿರದಲ್ಲಿ ಛಾಸಿಯ ಬೋಲ್ಟ್ ಸಿಕ್ಕಿತೆಂದು ಅದರ ಮೈನಸ್ಸನ್ನು ಅಲ್ಲಿಗೇ ಕಟ್ಟಿದರೆ ಆ ಬ್ಯಾಟರಿಯ ಪ್ರವಾಹವೆಲ್ಲ ಶಂಟ್‌ನ್ನು ತಪ್ಪಿಸಿಕೊಂಡು ಹೋಗುತ್ತದೆ. ಪರೀಕ್ಷೆ ಸುಲಭ: ಲೋಡ್ ಹಾಕಿ ಮುಖ್ಯ ಪ್ಲಸ್ ಕೇಬಲ್‌ನ ಕ್ಲ್ಯಾಂಪ್ ಅಂಕಿಯನ್ನು ಮಾನಿಟರಿನ ಅಂಕಿಯೊಂದಿಗೆ ಹೋಲಿಸಬೇಕು. ಮಾನಿಟರ್ ಅರ್ಧದಷ್ಟೇ ತೋರಿಸಿದರೆ ಕಾರಣ ಬಹುತೇಕ ಇದೇ. ಮಾನಿಟರನ್ನೇ ಅನುಮಾನಿಸುವವರು ಶಂಟ್‌ನ ಎರಡು ಸಣ್ಣ ಸ್ಕ್ರೂಗಳ ನಡುವೆ ಮಿಲಿವೋಲ್ಟ್ ಅಳೆಯಬಹುದು. 500 ಆಂಪಿಯರ್‌ಗೆ 50 ಮಿಲಿವೋಲ್ಟ್ ಎಂದು ಬರೆದಿರುವ ಶಂಟ್‌ನಲ್ಲಿ 90 ಆಂಪಿಯರ್‌ಗೆ 9 ಮಿಲಿವೋಲ್ಟ್ ಸಿಗಬೇಕು.

ಬೇರ್ಪಡಿಸಿ ಅಳೆಯುವುದು

ಜೋಡಣೆಗಳೆಲ್ಲ ಸರಿಯಿದ್ದರೆ ಅನುಮಾನ ಬ್ಯಾಟರಿಗಳ ಮೇಲೆ ಬರುತ್ತದೆ, ಮತ್ತು ಅವುಗಳನ್ನು ಕೂಡಿಸಿಟ್ಟು ಪರೀಕ್ಷಿಸಲಾಗದು. ಬಿಚ್ಚುವ ಮುನ್ನ ಒಂದು ಸುಳಿವು ಪಡೆಯಬಹುದು: ಲೋಡ್, ಚಾರ್ಜ್ ಎಲ್ಲವನ್ನೂ ನಿಲ್ಲಿಸಿ ನಾಲ್ಕೈದು ಗಂಟೆ ಬಿಟ್ಟು ಕೊಂಡಿ ಕೇಬಲ್‌ಗೆ ಕ್ಲ್ಯಾಂಪ್ ಹಾಕಿದಾಗ ಇನ್ನೂ ಒಂದೆರಡು ಆಂಪಿಯರ್ ಒಂದೇ ದಿಕ್ಕಿನಲ್ಲಿ ಹರಿಯುತ್ತಿದ್ದರೆ, ಒಂದು ಬ್ಯಾಟರಿ ಇನ್ನೊಂದನ್ನು ಸುಮ್ಮನೆ ಸಾಕುತ್ತಿದೆ ಎಂದರ್ಥ. ಹಳೆಯದರ ಜೊತೆ ಹೊಸದನ್ನು ಕಟ್ಟಿದಾಗ ಇದು ಸಾಮಾನ್ಯ. ಹಳೆಯದರ ಒಂದು ಸೆಲ್ ಶಾರ್ಟ್ ಆಗಿದ್ದರೆ ಅದು ಬಿಸಿಯಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರಬಹುದು. ಆ ವಾಸನೆ ಬಂದ ಕೂಡಲೇ ಚಾರ್ಜ್ ನಿಲ್ಲಿಸಿ ಬಾಗಿಲು ಕಿಟಕಿ ತೆರೆಯಬೇಕು, ಕಿಡಿ ಹಾರುವ ಯಾವ ಕೆಲಸವನ್ನೂ ಮಾಡಬಾರದು.

ಬಿಚ್ಚುವಾಗ ಮೊದಲು ಲೋಡ್‌ಗಳು, ಆಮೇಲೆ ಸೋಲಾರ್ ಪ್ಯಾನೆಲ್‌ನ ಕಡೆ, ಆಮೇಲೆ ಉಳಿದ ಚಾರ್ಜರ್‌ಗಳು, ಕೊನೆಗೆ ಬ್ಯಾಟರಿಯ ಮೈನಸ್, ಅದಾದ ಮೇಲೆ ಪ್ಲಸ್. ಪ್ಯಾನೆಲ್ ಜೋಡಿಸಿರುವಾಗಲೇ ಬ್ಯಾಟರಿಯನ್ನು ಕಳಚಿದರೆ ಸೋಲಾರ್ ಕಂಟ್ರೋಲರ್ ಹಾಳಾಗಬಹುದು. ಉಂಗುರ, ಬಳೆ, ಕೈಗಡಿಯಾರ ತೆಗೆದಿಟ್ಟು ಸ್ಪ್ಯಾನರ್‌ನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿಕೊಳ್ಳಬೇಕು.

ಪ್ರತಿಯೊಂದನ್ನೂ ಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ, ಒಂದು ರಾತ್ರಿ ಬಿಟ್ಟು ಅಳೆಯಬೇಕು. ಸೀಸ-ಆಮ್ಲದ್ದು 12.7ರ ಆಸುಪಾಸಿನಲ್ಲಿರಬೇಕು, 12.4ಕ್ಕೆ ಇಳಿದಿದ್ದರೆ ಸತ್ವ ಕಡಿಮೆಯಾಗಿದೆ, 10.5ರ ಹತ್ತಿರವಿದ್ದರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ. ವೋಲ್ಟೇಜ್ ಚೆನ್ನಾಗಿ ಕಂಡರೂ ಸಾಮರ್ಥ್ಯ ಹೋಗಿರಬಹುದಾದ್ದರಿಂದ ಸುಮಾರು 5 ಆಂಪಿಯರ್‌ನ ಲೋಡ್ ಹಾಕಿ ಗಡಿಯಾರ ನೋಡಬೇಕು. 55 ವಾಟ್‌ನ ಹೆಡ್‌ಲೈಟ್ ಬಲ್ಬ್ ಸಾಕು. ಬಹಳ ಬಿಸಿಯಾಗುವುದರಿಂದ ಅದನ್ನು ತೆರೆದ ಗಾಳಿಯಲ್ಲಿ ತೂಗುಹಾಕಬೇಕು. 100 ಆಂಪಿಯರ್-ಗಂಟೆಯ ಬ್ಯಾಟರಿ ಹತ್ತು ಗಂಟೆ ಇದನ್ನು ನಡೆಸಿ, ಲೋಡ್ ತೆಗೆದು ಕೆಲವು ಗಂಟೆಯ ನಂತರ 12.2ರ ಹತ್ತಿರ ನಿಂತರೆ ಅದು ಆರೋಗ್ಯವಾಗಿದೆ. ಎರಡರಲ್ಲಿ ಒಂದು ಐದಾರು ಗಂಟೆಗೇ 12ಕ್ಕಿಂತ ಕೆಳಗಿಳಿದರೆ ಅದನ್ನು ಜೋಡಿಯಿಂದ ಹೊರಗಿಡುವುದೇ ಲೇಸು, ಏಕೆಂದರೆ ಅದು ಉಳಿದದ್ದನ್ನೂ ತನ್ನ ಮಟ್ಟಕ್ಕೆ ಎಳೆಯುತ್ತದೆ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಈ ವೋಲ್ಟೇಜ್ ಅಂಕಿಗಳು ಅನ್ವಯಿಸುವುದಿಲ್ಲ. ಅದರ ವೋಲ್ಟೇಜ್ ಬಹುಕಾಲ 13.1ರಿಂದ 13.3ರ ನಡುವೆಯೇ ಚಪ್ಪಟೆಯಾಗಿ ನಿಲ್ಲುವುದರಿಂದ, ಒಂದೇ ಅಂಕಿ ತೋರಿಸುವ ಎರಡು ಬ್ಯಾಟರಿಗಳ ತುಂಬುವಿಕೆಯಲ್ಲಿ ಬಹಳ ಅಂತರವಿರಬಹುದು. ಬೇರ್ಪಡಿಸಿದಾಗ ತುದಿಗಳಲ್ಲಿ ಸೊನ್ನೆ ಅಥವಾ ಒಂದೆರಡು ವೋಲ್ಟ್ ಮಾತ್ರ ಕಂಡರೆ ಅದು ಸತ್ತಿದೆ ಎಂದು ಎಸೆಯಬಾರದು. ಬಿಎಂಎಸ್ ಕಡಿದಿರುವ ಸಾಧ್ಯತೆ ಹೆಚ್ಚು, ಲಿಥಿಯಂಗೆ ಹೊಂದುವ ಚಾರ್ಜರ್ ಕೊಟ್ಟರೆ ಎಚ್ಚರಗೊಳ್ಳಬಹುದು. ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಈ ಬ್ಯಾಟರಿಯನ್ನು ಚಾರ್ಜ್ ಮಾಡಬಾರದಾದ್ದರಿಂದ ಚಳಿಯ ಬೆಳಗಿನಲ್ಲಿ ಒಂದರ ಬಿಎಂಎಸ್ ಚಾರ್ಜನ್ನು ತಡೆದು, ಬೆಚ್ಚಗಿನ ಮೂಲೆಯಲ್ಲಿರುವ ಇನ್ನೊಂದು ಮಾತ್ರ ತುಂಬುವುದೂ ಉಂಟು. ಸೀಸ-ಆಮ್ಲವನ್ನೂ ಲಿಥಿಯಂ ಅನ್ನೂ ಒಟ್ಟಿಗೆ ಕಟ್ಟಿರುವುದು ಕಂಡರೆ ದೋಷ ಹುಡುಕುವ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಅವುಗಳನ್ನು ಬೇರ್ಪಡಿಸುವುದು ಒಳಿತು.

ತುಂಬಿಸುವ ಕಡೆಯ ದೋಷ

ವೋಲ್ಟೇಜ್ ನೋಡಿ ಸೇರುವ ರಿಲೇ (ಎಂಜಿನ್ ಬ್ಯಾಟರಿಯನ್ನೂ ಮನೆ ಬ್ಯಾಟರಿಯನ್ನೂ ತಾನಾಗಿ ಕೂಡಿಸುವ ಸ್ವಿಚ್) ಇರುವ ವ್ಯಾನುಗಳಲ್ಲಿ ಎರಡನೇ ಬ್ಯಾಟರಿ ಬಂದ ಮೇಲೆ ಹೊಸದೊಂದು ಸದ್ದು ಕೇಳುವುದುಂಟು: ಎಂಜಿನ್ ಓಡುತ್ತಿದ್ದಂತೆ ರಿಲೇ ಟಕ್ ಎಂದು ಸೇರಿ ಅರೆ ನಿಮಿಷದಲ್ಲಿ ಟಕ್ ಎಂದು ಬಿಡುತ್ತದೆ. ಇಂತಹ ರಿಲೇ ಸಾಮಾನ್ಯವಾಗಿ 13.3 ವೋಲ್ಟ್‌ಗೆ ಸೇರಿ 12.8ಕ್ಕೆ ಬಿಡುತ್ತದೆ. ಖಾಲಿಯಾದ ಎರಡು ಬ್ಯಾಟರಿಗಳು ಒಮ್ಮೆಗೇ ಎಳೆದಾಗ ವೋಲ್ಟೇಜ್ 12.8ಕ್ಕಿಂತ ಕುಸಿಯುತ್ತದೆ, ರಿಲೇ ಬಿಟ್ಟೊಡನೆ ಮತ್ತೆ ಏರುತ್ತದೆ. ಎಂಜಿನ್ ಕಡೆಯಿಂದ ಬರುವ ಹಳೆಯ ಕೇಬಲ್ ಮತ್ತು ಅದರ ಫ್ಯೂಸ್ ಕೂಡ ಈ ಎಳೆತಕ್ಕೆ ಸಾಕಾಗದಿರಬಹುದು. ಇಂಧನ ಉಳಿಸಲೆಂದು ವೋಲ್ಟೇಜನ್ನು ತಾನೇ ಏರಿಳಿಸುವ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ ಜನರೇಟರ್) ಇದ್ದರೆ ರಿಲೇಯನ್ನು ಸರಿಪಡಿಸಲು ಹೋಗದೆ ಡಿಸಿ-ಡಿಸಿ ಚಾರ್ಜರ್ ಹಾಕಿಸುವುದು ಮೇಲು.

ಎರಡು ಬ್ಯಾಟರಿಗಳು ಬೇರೆಬೇರೆ ಜಾಗದಲ್ಲಿದ್ದು ಚಾರ್ಜರಿನ ತಾಪಮಾನ ಸಂವೇದಕ ಒಂದಕ್ಕೆ ಮಾತ್ರ ಅಂಟಿದ್ದರೆ ಅದನ್ನೂ ಗಮನಿಸಬೇಕು. ಸೀಸ-ಆಮ್ಲದ 12 ವೋಲ್ಟ್ ಬ್ಯಾಟರಿಗೆ ಪ್ರತಿ ಡಿಗ್ರಿಗೆ 20 ಮಿಲಿವೋಲ್ಟ್‌ನಷ್ಟು ತಿದ್ದುಪಡಿ ಬೇಕು. ಹತ್ತು ಡಿಗ್ರಿ ಅಂತರವಿದ್ದರೆ ಒಂದು ಬ್ಯಾಟರಿಗೆ 0.2 ವೋಲ್ಟ್ ತಪ್ಪು ಸಿಗುತ್ತದೆ.

ಮತ್ತೆ ಜೋಡಿಸುವಾಗ

ಎರಡನ್ನೂ ಬೇರೆಬೇರೆಯಾಗಿ ಪೂರ್ತಿ ತುಂಬಿಸಿ, ನಡುವಿನ ಅಂತರ 0.1 ವೋಲ್ಟ್‌ಗಿಂತ ಕಡಿಮೆಯಾದ ಮೇಲೆ ಸೇರಿಸಬೇಕು. 0.6 ವೋಲ್ಟ್ ಅಂತರವಿದ್ದು ಇಡೀ ಸುತ್ತಿನ ರೋಧ 10 ಮಿಲಿಓಮ್ ಇದ್ದರೆ ಸೇರಿಸಿದ ಕ್ಷಣದಲ್ಲೇ 60 ಆಂಪಿಯರ್ ಹರಿದು ಲಗ್‌ನ ಅಂಚು ಕಿಡಿಯಿಂದ ಸುಡುತ್ತದೆ. ಪ್ರತಿ ಬ್ಯಾಟರಿಯ ಪ್ಲಸ್ ತುದಿಗೆ ಹತ್ತಿರದಲ್ಲೇ ಅದರದೇ ಫ್ಯೂಸ್ ಇರಬೇಕು, ಏಕೆಂದರೆ ಒಂದು ಒಳಗೆ ಶಾರ್ಟ್ ಆದಾಗ ಅದಕ್ಕೆ ಪ್ರವಾಹ ಸುರಿಯುವುದು ಪಕ್ಕದ್ದೇ. ಲಿಥಿಯಂ ಬ್ಯಾಟರಿ ಶಾರ್ಟ್ ಆದಾಗ ಸಾವಿರಾರು ಆಂಪಿಯರ್ ಕೊಡಬಲ್ಲದಾದ್ದರಿಂದ, ಅಷ್ಟನ್ನು ಕಡಿದು ನಿಲ್ಲಿಸಬಲ್ಲ ಕ್ಲಾಸ್ ಟಿ ಮಾದರಿಯ ಫ್ಯೂಸನ್ನು ಆರಿಸುವುದು ವಿವೇಕ. ಅಗ್ಗದ ಫ್ಯೂಸ್ ಕರಗಿದ ಮೇಲೂ ಒಳಗಿನ ಕಿಡಿಯ ಮೂಲಕ ಪ್ರವಾಹ ಮುಂದುವರಿಯಬಹುದು.

ಎಲ್ಲವನ್ನೂ ಬಿಗಿದ ಮೇಲೆ ಮೊದಲಿನದೇ ಕೆಟಲ್ ಹಚ್ಚಿ, ಮುಖ್ಯ ಕೇಬಲ್ ಮತ್ತು ಕೊಂಡಿಯ ಆಂಪಿಯರ್ ಹಾಗೂ ಪ್ರತಿ ಲಗ್‌ನ ಮಿಲಿವೋಲ್ಟ್ ಅಂಕಿಗಳನ್ನು ದಿನಾಂಕದೊಂದಿಗೆ ಒಂದು ಚೀಟಿಯಲ್ಲಿ ಬರೆದು ಬ್ಯಾಟರಿ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿಡುತ್ತೇನೆ. ಸೀಸದ ತುದಿ ಮೆತ್ತಗಿರುವುದರಿಂದ ಮೊದಲ ದೂರಪ್ರಯಾಣದ ಅಲುಗಾಟಕ್ಕೆ ಬೋಲ್ಟ್‌ಗಳು ತುಸು ಸಡಿಲಗೊಳ್ಳುತ್ತವೆ. ಹಿಂತಿರುಗಿದ ದಿನವೇ ತಯಾರಕರು ಹೇಳಿದ ಬಿಗಿತಕ್ಕೆ ಇನ್ನೊಮ್ಮೆ ತಿರುಗಿಸಿ, ಅದೇ ಅಂಕಿಗಳನ್ನು ಚೀಟಿಯ ಎರಡನೇ ಸಾಲಿನಲ್ಲಿ ಬರೆಯಬೇಕು.